ಇಬ್ಬರೇ ಉಳಿದ ಮನೆಯ ಅಡುಗೆ



ಕೊಳೆ ಔಷಧಿ, ಕಾಳುಮೆಣಸಿನ ಸೊರಗು ರೋಗ, ಕಾಫಿ ಗಿಡದ ಆರೈಕೆ, ಮಹಸೂಲು ವಿಕ್ರಿ – ಈ ಪುಟಗಳಲ್ಲಿ ಇಂಥ ವಿಷಯ ಬರೆಯುವುದು ವಾಡಿಕೆ. ಈ ಸಲ ಅಡುಗೆಮನೆಯ ವಿಷಯವನ್ನು ಎತ್ತಿಕೊಂಡಿದ್ದೇನೆ. ತೋಟ ನೋಡುವವರು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಆ ತೋಟವೂ ಬಹಳ ದಿನ ನೆಟ್ಟಗಿರದು ಎಂಬುದೇ ಇದಕ್ಕೆ ಕಾರಣ.

2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇಕಡಾ 9.5ರಷ್ಟು. ಹುಲೇಕಲ್ ಸುತ್ತಿನ ಕೇರಿಗಳಲ್ಲಿ ಒಮ್ಮೆ ನಡೆದು ಬಂದರೆ ಇಲ್ಲಿಯ ಪ್ರಮಾಣ ಅದಕ್ಕಿಂತ ಬಹಳ ಹೆಚ್ಚೆಂದು ಕಣ್ಣಿಗೇ ತೋರುತ್ತದೆ. ಮಕ್ಕಳು ಬೆಂಗಳೂರು, ಪುಣೆ, ಪರದೇಶಗಳಲ್ಲಿ ನೌಕರಿಯಲ್ಲಿದ್ದಾರೆ. ಹದಿನೈದು ಜನ ಪಂಕ್ತಿಯಲ್ಲಿ ಕೂರುತ್ತಿದ್ದ ಮನೆಯಲ್ಲಿ ಈಗ ಎರಡು ಬಾಳೆ, ಕೆಲವೆಡೆ ಒಂದೇ ಬಾಳೆ.

ಜೊತೆ ಕಡಿಮೆಯಾದದ್ದು ಮಕ್ಕಳು ಹೋದದ್ದರಿಂದ ಮಾತ್ರವಲ್ಲ. ಮೊದಲು ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯಲು ಹತ್ತಾರು ಜನ ಮೆಟ್ಟುಗತ್ತಿ ಹಿಡಿದು ಕೂರುತ್ತಿದ್ದರು. ಕೆಲಸದೊಂದಿಗೆ ಮಾತು, ಕಥೆ, ನಡುವೆ ಚಹಾ ಎಲ್ಲ ನಡೆಯುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ. ಹಸಿ ಅಡಿಕೆಯನ್ನೇ ಟೆಂಡರಿಗೆ ಹಾಕುವವರೂ ಇದ್ದಾರೆ. ಇದರಿಂದ ಶ್ರಮ ಉಳಿಯಿತು, ಒಳ್ಳೆಯದೇ. ಆದರೆ ಆ ಮಾತುಕತೆಯ ಜಾಗಕ್ಕೆ ಬೇರೇನೂ ಬರಲಿಲ್ಲ.

ಇದಕ್ಕೂ ಅಡುಗೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾಗಿಯೇ ಇದೆ. ಜೊತೆಗೆ ಉಣ್ಣುವವರು ಇಲ್ಲದಾಗ "ಒಬ್ಬಳಿಗೆ ಏನು ಅಡುಗೆ" ಎಂಬ ಮಾತು ಬರುತ್ತದೆ. ಬೆಳಿಗ್ಗೆ ಮಾಡಿದ ಅನ್ನವೇ ಮೂರು ಹೊತ್ತಿಗೆ, ಜೊತೆಗೆ ಮಜ್ಜಿಗೆ, ಮಿಡಿ ಉಪ್ಪಿನಕಾಯಿ. ಕ್ರಮೇಣ ರಾತ್ರಿಯ ಊಟ ಹೋಗಿ ಅವಲಕ್ಕಿ ಅಥವಾ ಚಹಾ-ಬಿಸ್ಕೀಟಿಗೆ ಇಳಿಯುತ್ತದೆ. ಹೊಟ್ಟೆ ತುಂಬಿದಂತೆ ತೋರಿದರೂ ಮಾಂಸಖಂಡ ಕರಗುತ್ತದೆ, ಕಾಲಿನ ಬಲ ತಗ್ಗುತ್ತದೆ. ಆ ಮೇಲೆ ಪಾಚಿಗಟ್ಟಿದ ಅಂಗಳದಲ್ಲಿ ಒಮ್ಮೆ ಜಾರಿದರೆ ಸಾಕು.

ಲೆಕ್ಕ ಹೀಗಿದೆ. ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 0.8 ಗ್ರಾಂ ಪ್ರೋಟೀನು ಬೇಕು. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ. ದಿನಕ್ಕೆ 200 ಗ್ರಾಂ ಅಕ್ಕಿಯ ಅನ್ನದಿಂದ ಸಿಗುವುದು ಸುಮಾರು 15 ಗ್ರಾಂ ಮಾತ್ರ. ತೊಗರಿಬೇಳೆ 50 ಗ್ರಾಂ ಸೇರಿಸಿದರೆ 11, ಹೆಸರುಕಾಳು 50 ಗ್ರಾಂಗೆ ಇನ್ನೊಂದು 11, ಹಾಲು-ಗಟ್ಟಿ ಮೊಸರು ಸೇರಿ ಎರಡು ಲೋಟಕ್ಕೆ 13. ಇಲ್ಲಿಗೆ ಲೆಕ್ಕ ಹೊಂದುತ್ತದೆ. ಬರೀ ಅನ್ನ ಮತ್ತು ತಿಳಿಮಜ್ಜಿಗೆಯಿಂದ ಅರ್ಧವೂ ಸಿಗದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ಡಾಕ್ಟರರನ್ನು ಕೇಳಿಯೇ ನಿರ್ಧರಿಸಬೇಕು.

ಉಪ್ಪು ದಿನಕ್ಕೆ ಒಂದು ಚಹಾ ಚಮಚ ಮೀರಬಾರದು. ಅದರಲ್ಲಿ ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಸೇರಿತು. ಶಾಖಾಹಾರಿಗಳಿಗೆ ಬಿ-12 ಜೀವಸತ್ವ ಹಾಲು, ಮೊಸರಿನಿಂದಲೇ ಬರಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ತೆಗೆದುಕೊಂಡವರಲ್ಲಿ ಇದು ಕಡಿಮೆಯಾಗುವುದುಂಟು. ಕೈಕಾಲು ಜೋಮು, ಮರೆವು ಕಂಡರೆ ರಕ್ತಪರೀಕ್ಷೆ ಮಾಡಿಸಬೇಕು. ವಯಸ್ಸಾದಂತೆ ಬಾಯಾರಿಕೆಯ ಅರಿವೂ ತಗ್ಗುವುದರಿಂದ ನೀರನ್ನು ಹೊತ್ತು ನೋಡಿ ಕುಡಿಯುವುದು ಲೇಸು.

ಇಬ್ಬರ ಅಡುಗೆಗೆ ದೊಡ್ಡ ಪಾತ್ರೆ ಬೇಡ. ಎರಡು ಲೀಟರಿನ ಕುಕ್ಕರಿನಲ್ಲಿ ಅನ್ನ, ಬೇಳೆ ಎರಡೂ ಆಗುತ್ತವೆ. ನಮ್ಮ ತಂಬುಳಿಗಿಂತ ಸುಲಭದ ಅಡುಗೆ ಇನ್ನೊಂದಿಲ್ಲ. ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಹಿತ್ತಲಿನ ಒಂದೆಲಗ ಅಥವಾ ದೊಡ್ಡಪತ್ರೆ ಎಲೆ ಬಾಡಿಸಿ, ಕಾಯಿತುರಿಯೊಂದಿಗೆ ಬೀಸಿ ಮಜ್ಜಿಗೆ ಬೆರೆಸಿದರಾಯಿತು. ಅದರ ಜೊತೆಗೆ ಹೆಸರುಕಾಳಿನ ಉಸಲಿ ಇದ್ದರೆ ಊಟ ಪೂರ್ಣ.

ಉಳಿದ ಅನ್ನವನ್ನು ದಿನವಿಡೀ ಹೊರಗಿಡಬಾರದು. ಎರಡು ತಾಸಿನೊಳಗೆ ಆರಿಸಿ ಫ್ರಿಜ್ಜಿನಲ್ಲಿಡಬೇಕು. ಕೆಟ್ಟ ಅನ್ನದಲ್ಲಿ ಹುಟ್ಟುವ ಒಂದು ಬಗೆಯ ವಿಷ ಪುನಃ ಬಿಸಿ ಮಾಡಿದರೂ ಹೋಗದು. ಮಳೆಗಾಲದಲ್ಲಿ ಕರೆಂಟು ಹೋಗುವುದೇ ಹೆಚ್ಚಾದ್ದರಿಂದ ಆ ತಿಂಗಳುಗಳಲ್ಲಿ ಹೊತ್ತಿಗೆ ಬೇಕಾದಷ್ಟೇ ಬೇಯಿಸುವುದು ಉತ್ತಮ. ರಾತ್ರಿ ಮಲಗುವಾಗ ಗ್ಯಾಸಿನ ರೆಗ್ಯುಲೇಟರು ಬಂದ್ ಮಾಡುವ ರೂಢಿ ಇರಲಿ. ಸೋರಿಕೆಯಾದರೆ ಕರೆ ಮಾಡಬೇಕಾದ ಸಂಖ್ಯೆ 1906.

ಇನ್ನು ಗಂಡಸರಿಗೆ ಒಂದು ಮಾತು. ಮಗಳ ಬಾಣಂತನಕ್ಕೆಂದು ಮನೆಯಾಕೆ ನಾಲ್ಕು ತಿಂಗಳು ಹೋದರೆ ಇಲ್ಲಿ ಯಜಮಾನರ ಪಾಡೇನೆಂಬುದು ಎಲ್ಲರಿಗೂ ಗೊತ್ತಿದೆ. ಆಕೆ ಕಾಯಿಲೆ ಬಿದ್ದರೆ, ಮೊದಲು ತೀರಿಕೊಂಡರೆ ಪಾಡು ಇನ್ನೂ ಕಠಿಣ. ಅನ್ನ, ಸಾರು, ತಂಬುಳಿ, ಉಸಲಿ – ಇಷ್ಟನ್ನು ಆಕೆ ಎದುರಿಗಿರುವಾಗಲೇ ಕಲಿಯಬೇಕು. ಹಾಗೆಯೇ ಸಂಘದ ಖಾತೆ, ಪಾಸ್‌ಬುಕ್ಕು, ನಾಮನಿರ್ದೇಶನ, ತೋಟದ ಲೆಕ್ಕ ಆಕೆಗೆ ತಿಳಿದಿರಬೇಕು. ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುವ ಮನೆಯಲ್ಲಿ ಕಷ್ಟಕಾಲದ ಅರ್ಧ ಭಾರ ಮೊದಲೇ ಇಳಿದಿರುತ್ತದೆ.

ಜೊತೆಯ ವಿಷಯಕ್ಕೆ ಬರೋಣ. 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದ್ದು, ಬೆಳೆಗಾರ ಒಬ್ಬೊಬ್ಬನೇ ಪೇಟೆಗೆ ಹೋದರೆ ಸೋಲುತ್ತಾನೆ ಎಂಬ ಅರಿವಿನಿಂದ. ಊಟದಲ್ಲಿಯೂ ಇದೇ ನ್ಯಾಯ. ಗುಜರಾತಿನ ಮೆಹಸಾಣಾ ಜಿಲ್ಲೆಯ ಚಾಂದಣಕಿ ಎಂಬ ಹಳ್ಳಿಯಲ್ಲಿ ಮಕ್ಕಳು ಪೇಟೆ, ಪರದೇಶ ಸೇರಿದ ಮೇಲೆ ಉಳಿದ ಹಿರಿಯರು ಖರ್ಚು ಹಂಚಿಕೊಂಡು, ಒಂದೇ ಅಡುಗೆಮನೆ ನಡೆಸಿ ಒಟ್ಟಿಗೆ ಉಣ್ಣುತ್ತಾರೆ. ನಮ್ಮ ಮನೆಗಳು ತೋಟಕ್ಕೊಂದರಂತೆ ಚದುರಿವೆ, ನಡುವೆ ಹಳ್ಳ, ಏರು. ಇಡೀ ಊರಿಗೊಂದು ಅಡುಗೆಮನೆ ಇಲ್ಲಿ ನಡೆಯದು. ಆದರೆ ಕೇರಿಯ ಮೂರು-ನಾಲ್ಕು ಮನೆ ಸೇರಬಹುದು.

ಮುಯ್ಯಾಳು ಪದ್ಧತಿ ನಮಗೆ ಹೊಸದಲ್ಲ. ಈ ವಾರ ನಿಮ್ಮ ಮನೆ, ಮುಂದಿನ ವಾರ ಅವರ ಮನೆ. ಕಟ್ಟಳೆ ಎರಡೇ ಇರಲಿ. ಒಂದು: ಒಂದು ಸಾರು, ಒಂದು ಪಲ್ಯ, ಅನ್ನ, ಮಜ್ಜಿಗೆ, ಸಿಹಿ ಬೇಡ. ಹೋಳಿಗೆಯ ಪೈಪೋಟಿ ಶುರುವಾದರೆ ಮೂರನೇ ಸುತ್ತಿಗೇ ಇದು ನಿಲ್ಲುತ್ತದೆ. ಎರಡು: ನಡೆಯಲಾರದವರ ಮನೆಗೆ ಡಬ್ಬಿ ಹೋಗಬೇಕು, ಡಬ್ಬಿ ಒಯ್ದವರು ಅಲ್ಲಿ ಅರ್ಧ ತಾಸು ಕೂತು ಬರಬೇಕು.

ಅಡುಗೆಗೆ ಆಳು ಸಿಗದು ಎನ್ನುವವರಲ್ಲಿ ಒಂದು ವಿನಂತಿ. ನಲವತ್ತು ವರ್ಷ ತೋಟದಲ್ಲಿ ಜೊತೆಗೆ ದುಡಿದ ಹೆಂಗಸು ಒಲೆಯ ಹತ್ತಿರ ಬರಬಾರದು ಎಂಬ ಹಳೆಯ ಲೆಕ್ಕವನ್ನು ಹಿರಿಯರೇ ಕೂತು ಪುನಃ ನೋಡಬೇಕು. ಯೋಗ್ಯ ಪಗಾರ ಕೊಟ್ಟು, ಎದುರಿಗೆ ಕೂರಿಸಿ ಚಹಾ ಕೊಟ್ಟರೆ ಬರುವವರು ಇದ್ದಾರೆ. ನೋಡಿಕೊಳ್ಳುವವರೇ ಇಲ್ಲದೆ ತೊಂದರೆಯಲ್ಲಿರುವ ಹಿರಿಯರಿಗಾಗಿ 14567 ಎಂಬ ಸಹಾಯವಾಣಿ ಇದೆ, ಕರೆಗೆ ಖರ್ಚಿಲ್ಲ.

ಮಳೆ ಹಿಡಿದ ಮೇಲೆ ಕೇರಿಯಿಂದ ಕೇರಿಗೆ ಓಡಾಟ ಕಷ್ಟ. ಆದ್ದರಿಂದ ಕೊಳೆ ಔಷಧಿಯ ಸಾಮಾನು ಹೊಂದಿಸುವಾಗಲೇ ಯಾವ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆ ಎಂದು ಕೇರಿಯವರು ಲೆಕ್ಕ ಹಾಕಿ ಮುಯ್ಯೂಟದ ವಾರವನ್ನು ಗೊತ್ತುಮಾಡಿಕೊಳ್ಳಬೇಕಾಗಿ ವಿನಂತಿ. ಎರಡು ತಿಂಗಳು ನಡೆಸಿದವರು ತಮ್ಮ ಅನುಭವ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸಲಾಗುವುದು.

– ಕಾರ್ಯದರ್ಶಿ