ಇ-ಸಿಗರೇಟ್ (ವೇಪ್): ರೋಗಿಗಳು ಹಾಗೂ ಸಂಬಂಧಿಕರು ತಿಳಿದಿರಬೇಕಾದ ಸಂಗತಿಗಳು

ಬೀಡಿ, ಸಿಗರೇಟಿನ ಬದಲು ಬ್ಯಾಟರಿ ಕೊಳವೆಯಿಂದ ಹಬೆ ಎಳೆದರೆ ತೊಂದರೆಯಿಲ್ಲ ಎಂಬ ತಪ್ಪು ತಿಳುವಳಿಕೆ ಹಲವರಲ್ಲಿದೆ. ಓದಲು, ದುಡಿಯಲು ಬೆಂಗಳೂರು, ಹುಬ್ಬಳ್ಳಿಗೆ ಹೋದ ಮಕ್ಕಳ ಚೀಲದಲ್ಲಿ ಇದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮನೆಗಳಿಗೂ ಬರಬಹುದು. ಆದ್ದರಿಂದ ಮನೆಯವರೆಲ್ಲರೂ ಇದನ್ನು ಓದಿರಿ.

ಇದರಲ್ಲಿ ಏನಿರುತ್ತದೆ?
ಬ್ಯಾಟರಿ, ಕಾಯುವ ತಂತಿ ಸುರುಳಿ ಹಾಗೂ ದ್ರವ. ದ್ರವದಲ್ಲಿ ಪರಿಮಳದ ಜೊತೆಗೆ ಸಾಮಾನ್ಯವಾಗಿ ನಿಕೋಟಿನ್ ಇರುತ್ತದೆ. ತಂಬಾಕಿನ ಚಟ ಹಿಡಿಸುವುದೂ ಇದೇ ನಿಕೋಟಿನ್. ಉಬ್ಬಸಕ್ಕೆ ಕೊಡುವ ನೆಬ್ಯುಲೈಸರ್ ಬೇರೆ. ಅದರಲ್ಲಿ ಇರುವುದು ವೈದ್ಯರು ಅಳೆದು ಕೊಟ್ಟ ಔಷಧ.

"ಕಡಿಮೆ ಸ್ಟ್ರಾಂಗ್" ಎಂದರೆ ಕಡಿಮೆ ನಿಕೋಟಿನ್ ಅಲ್ಲ
ಒಂದು ಮಿ.ಲೀ.ಗೆ 20 ಮಿ.ಗ್ರಾಂ ನಿಕೋಟಿನ್ ಇರುವ ದ್ರವ ದಿನಕ್ಕೆ 1.5 ಮಿ.ಲೀ. ಖರ್ಚಾದರೆ ಒಟ್ಟು 30 ಮಿ.ಗ್ರಾಂ. ಮಿ.ಲೀ.ಗೆ 3 ಮಿ.ಗ್ರಾಂ ಇರುವ ದ್ರವ ದಿನಕ್ಕೆ 10 ಮಿ.ಲೀ. ಖರ್ಚಾದರೂ ಅದೇ 30 ಮಿ.ಗ್ರಾಂ. ಸುರುಳಿ ಹೆಚ್ಚು ಕಾದಷ್ಟು, ದಮ್ಮು ಉದ್ದವಾದಷ್ಟು ದ್ರವ ಬೇಗ ತೀರುತ್ತದೆ. ಬೀಡಿಯನ್ನಾದರೂ ಎಣಿಸಬಹುದು, ಇದರ ಲೆಕ್ಕ ಸೇದುವವರಿಗೇ ಸಿಗುವುದಿಲ್ಲ.

ಬ್ಯಾಟರಿಯ ಅಪಾಯ
"ಮೆಕ್ಯಾನಿಕಲ್" ಎಂಬ ಬಗೆಯಲ್ಲಿ ವಿದ್ಯುತ್ ತಡೆಯುವ ಸರ್ಕ್ಯೂಟ್ ಇರುವುದಿಲ್ಲ. ಗುಂಡಿ ಒತ್ತಿದರೆ ಬ್ಯಾಟರಿಯ ವಿದ್ಯುತ್ ನೇರವಾಗಿ ಸುರುಳಿಗೆ ಹರಿಯುತ್ತದೆ. ಶಾರ್ಟ್ ಆದರೆ ಬ್ಯಾಟರಿ ಬೆಂಕಿ ಹತ್ತಿ ಸಿಡಿಯಬಹುದು. ಬಿಡಿ ಬ್ಯಾಟರಿಯನ್ನು ಕೀಲಿಕೈ, ಚಿಲ್ಲರೆ ಕಾಸಿನ ಜೊತೆ ಜೇಬಿನಲ್ಲಿ ಇಟ್ಟರೂ ಹೀಗಾಗಬಹುದು.

ಮನೆಯಲ್ಲಿ ಕಂಡುಬಂದರೆ
1. ದ್ರವದ ಶೀಶೆ ಮಕ್ಕಳ ಕೈಗೆ ಸಿಗಬಾರದು. ಹಣ್ಣಿನ ವಾಸನೆ ಇರುವುದರಿಂದ ಕುಡಿದುಬಿಡಬಹುದು. ಸ್ವಲ್ಪವೇ ಆದರೂ ಪ್ರಾಣಾಪಾಯವಿದೆ.
2. ಮಗು ಕುಡಿದರೆ ವಾಂತಿ ಮಾಡಿಸಬೇಡಿರಿ. ಲಕ್ಷಣಗಳಿಗಾಗಿ ಕಾಯದೆ ಶೀಶೆಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ ಅಥವಾ 108ಕ್ಕೆ ಕರೆ ಮಾಡಿರಿ.
3. ಚರ್ಮಕ್ಕೆ ತಾಗಿದರೆ ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಿರಿ.
4. ಬ್ಯಾಟರಿಯನ್ನು ಒಲೆಗೆ ಹಾಕಬೇಡಿರಿ.
5. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸಿರಿ. ಟೂತ್‌ಪೇಸ್ಟ್, ಅರಿಶಿನ ಹಚ್ಚಬೇಡಿರಿ.

ಕಾನೂನು ಏನು ಹೇಳುತ್ತದೆ?
ಕರ್ನಾಟಕ ಸರ್ಕಾರ 2016ರಲ್ಲಿಯೇ ಇದನ್ನು ನಿಷೇಧಿಸಿತು. 2019ರ ಕೇಂದ್ರ ಕಾಯ್ದೆಯ ಪ್ರಕಾರ ದೇಶಾದ್ಯಂತ ಇದರ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆದ್ದರಿಂದ ಕಳ್ಳದಾರಿಯಲ್ಲಿ ಸಿಗುವ ಶೀಶೆಯ ಮೇಲೆ ಬರೆದದ್ದನ್ನು ನಂಬುವಂತಿಲ್ಲ.

ವೈದ್ಯರ ಮುಂದೆ ಮುಚ್ಚಿಡಬೇಡಿರಿ
ಆಪರೇಷನ್‌ಗೆ ಮೊದಲು "ಸೇದುತ್ತೀರಾ?" ಎಂದು ಕೇಳಿದಾಗ ಇದನ್ನೂ ಹೇಳಿರಿ. ಅರಿವಳಿಕೆ ಕೊಡುವ ವೈದ್ಯರಿಗೆ ಇದು ಗೊತ್ತಿರಬೇಕು. ನಿಕೋಟಿನ್‌ನಿಂದ ರಕ್ತನಾಳಗಳು ಕುಗ್ಗಿ ಗಾಯ ಮಾಯುವುದು ತಡವಾಗುತ್ತದೆ. ಹಿರಿಯರ ಎದುರು ಹೇಳಲು ಸಂಕೋಚವಿದ್ದರೆ ವೈದ್ಯರನ್ನು ಒಬ್ಬರೇ ಕಂಡು ಹೇಳಿರಿ.

ಬಿಡುವುದು ಹೇಗೆ?
ಬೀಡಿ ಬಿಡಲು ವೇಪ್ ಹಿಡಿಯುವುದು ಬೇಡ. ಅಳತೆ ಗೊತ್ತಿರುವ ನಿಕೋಟಿನ್ ಚೂಯಿಂಗ್ ಗಮ್, ಪಟ್ಟಿ ಹಾಗೂ ಮಾತ್ರೆಗಳಿವೆ. ವೈದ್ಯರ ಸಲಹೆಯಂತೆ ತೆಗೆದುಕೊಳ್ಳಿರಿ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಉಚಿತ. ಮನೆಯವರು ಬೈಯದೆ ಜೊತೆಗೆ ನಿಂತರೆ ಬಿಡುವವರಿಗೆ ಅರ್ಧ ಬಲ ಬಂದಂತೆ.