‘ಸ್ತರ’ಕ್ಕೆ ಮಹಾಪ್ರಾಣ ಬೇಡ

ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಪದ ‘ಸ್ಥರ’. ಬರೆಯಬೇಕಾದುದು ‘ಸ್ತರ’. ‘ಸಮಾಜದ ಎಲ್ಲ ಸ್ಥರಗಳ ಜನ’ ಎಂದು ಅಚ್ಚಾಗುವುದೂ ಉಂಟು, ಮಕ್ಕಳನ್ನಷ್ಟೇ ದೂರಿ ಫಲವಿಲ್ಲ. ಸ್ಥಾನ, ಸ್ಥಿರ ಎಂಬ ಪದಗಳ ಮೂಲ ನಿಲ್ಲು ಎಂಬರ್ಥದ ‘ಸ್ಥಾ’ ಧಾತು. ಸ್ತರದ ಮೂಲವೇ ಬೇರೆ. ಹರಡು, ಹಾಸು ಎಂಬರ್ಥದ ‘ಸ್ತೃ’. ವಿಸ್ತಾರ, ವಿಸ್ತರಣೆಗಳು ಇದರ ಒಡಹುಟ್ಟುಗಳು. ಹಾಸಿದ್ದು ಎಂಬರ್ಥದ ಲ್ಯಾಟಿನ್ನಿನ ‘ಸ್ಟ್ರಾಟಮ್’ ದೂರದ ನೆಂಟ. ಕಲ್ಲು ಹಾಸಿದ ದಾರಿಯಿಂದ ಬಂದ ಇಂಗ್ಲಿಷಿನ ‘ಸ್ಟ್ರೀಟ್’ ಕೂಡ ಇದೇ ಬಳಗದ್ದು!

ಸ್ತರವೆಂದರೆ ಪದರ ತಾನೇ ಎಂದು ನೀವು ಕೇಳಬಹುದು. ನಿಘಂಟಿನ ಮಟ್ಟಿಗೆ ಸರಿ. ಆದರೆ ಭೂವಿಜ್ಞಾನದಲ್ಲಿ ಸ್ತರವೆಂದರೆ ಒಂದರ ಮೇಲೊಂದು ಹಾಸಿಕೊಂಡು ಬಂದದ್ದು. ಮೊದಲು ಹಾಸಿದ್ದು ಅಡಿಯಲ್ಲಿ, ಅನಂತರದ್ದು ಮೇಲೆ. ಸ್ತರಗಳು ಬುಡಮೇಲಾಗದಿದ್ದರೆ ಕೆಳಗಿನದೇ ಹಳೆಯದು ಎಂದು 1669ರಲ್ಲಿ ಡೆನ್ಮಾರ್ಕಿನ ನಿಕೋಲಾಸ್ ಸ್ಟೆನೊ ಹೇಳಿದ. ಬಾದಾಮಿಯ ಮರಳುಗಲ್ಲಿನ ಬಂಡೆಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಮಕ್ಕಳನ್ನು ಗುಹಾಲಯಗಳಿಗೆ ಕರೆದೊಯ್ಯುವ ಪಾಲಕರು ಶಿಲ್ಪಗಳ ಜೊತೆಗೆ ಬಂಡೆಯ ಗೆರೆಗಳನ್ನೂ ತೋರಿಸಲಿ.

ಬೆಂಗಳೂರಿನ ಲಾಲ್‌ಬಾಗ್ ಬಂಡೆಯಲ್ಲೂ ಕಪ್ಪು ಬಿಳುಪು ಪಟ್ಟಿಗಳುಂಟು. ಆದರೆ ಸುಮಾರು 300 ಕೋಟಿ ವರ್ಷ ಹಳೆಯ ಆ ನೈಸ್ ಶಿಲೆಯ ಪಟ್ಟಿಗಳು ಭೂಗರ್ಭದ ಶಾಖ, ಒತ್ತಡಗಳಿಂದ ಮೂಡಿದವು, ಹಾಸಿ ಆದವಲ್ಲ. ಅಲ್ಲಿ ಕೆಳಗಿನ ಪಟ್ಟಿ ಹಳೆಯದು ಎನ್ನುವಂತಿಲ್ಲ. ಈರುಳ್ಳಿಯದು ಇನ್ನೊಂದು ಬಗೆ: ಹೊರಗಿನ ಪದರ ಹಳೆಯದು, ಒಳಗಿನದು ಎಳೆಯದು.

ಇನ್ನು ವಾಯುಮಂಡಲ. ಸ್ಟ್ರಾಟೋಸ್ಫಿಯರ್‌ಗೆ ಪಠ್ಯಗಳಲ್ಲಿ ‘ಸಮೋಷ್ಣ ಮಂಡಲ’ ಎಂಬ ಹೆಸರು ಕಾಣುತ್ತದೆ. ನನಗೆ ‘ಸ್ತರಗೋಳ’ ಎಂಬುದೇ ಮೆಚ್ಚು. ಸಮಾನ ಉಷ್ಣತೆ ಎಂಬುದು ಅದರ ಕೆಳಭಾಗಕ್ಕಷ್ಟೇ ಹೊಂದುವ ಮಾತು. ಮೇಲೆ ಹೋದಂತೆ, ಓಜೋನ್ ಅನಿಲವು ಅತಿನೇರಳೆ ಕಿರಣಗಳನ್ನು ಹೀರುವುದರಿಂದ ಉಷ್ಣತೆ ಏರುತ್ತದೆ. ಬಿಸಿ ಗಾಳಿ ಮೇಲೆ, ತಣ್ಣನೆಯದು ಕೆಳಗೆ ಇದ್ದರೆ ಅವೆರಡೂ ಸುಲಭವಾಗಿ ಬೆರೆಯವು, ಹಾಸಿದಂತೆಯೇ ಉಳಿಯುತ್ತವೆ. 1991ರಲ್ಲಿ ಫಿಲಿಪೈನ್ಸಿನ ಪಿನಾಟುಬೊ ಜ್ವಾಲಾಮುಖಿ ಉಗುಳಿದ ಗಂಧಕದ ಡೈಆಕ್ಸೈಡ್ ಸ್ತರಗೋಳವನ್ನು ಮುಟ್ಟಿತು. ಅದರಿಂದಾದ ಸೂಕ್ಷ್ಮ ಹನಿಗಳು ಸುಮಾರು ಎರಡು ವರ್ಷ ಅಲ್ಲೇ ತೇಲುತ್ತಿದ್ದವು. ಮೋಡಗಳಿರುವ ಕೆಳಗಿನ ಗಾಳಿಯಲ್ಲಾಗಿದ್ದರೆ ಕೆಲವೇ ವಾರಗಳಲ್ಲಿ ಮಳೆ ಅವನ್ನು ತೊಳೆದುಬಿಡುತ್ತಿತ್ತು. ಆ ತೆಳ್ಳನೆಯ ಹಾಸು ಬಿಸಿಲನ್ನು ತಡೆದು, ಮರುವರ್ಷ ಭೂಮಿಯನ್ನು ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿಸಿತು.