ಕುಂದಗೋಳವೇಕೆ ಸಿಕ್ಕಲಿಲ್ಲ?

ನವಲಗುಂದ, ಕಲಘಟಗಿ, ಕುಂದಗೋಳ, ಅಣ್ಣಿಗೇರಿ: ಧಾರವಾಡ ಜಿಲ್ಲೆಯ ಈ ನಾಲ್ಕು ಹೆಸರುಗಳನ್ನು ಗಣಕಯಂತ್ರದ ಮುಂದಿಟ್ಟರೆ ಮೊದಲಿನ ಎರಡು ಒಂದು ಗುಂಪು, ಕೊನೆಯ ಎರಡು ಬೇರೊಂದು ಗುಂಪು. ಅದೇಕೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ.

ತಾಲೂಕಿನ ಹೆಸರನ್ನು ಬರೆದು ಗುಂಡಿಯನ್ನು ಒತ್ತಿದರೆ ಅಲ್ಲಿಯ ಗ್ರಾಮಗಳ ಪಟ್ಟಿಯನ್ನು ತೋರಿಸುವ ವೆಬ್ ಪುಟವೊಂದಿದೆಯೆಂದು ಊಹಿಸಿರಿ. ಪುಟವನ್ನು ತಿದ್ದಿದಾಗಲೆಲ್ಲ ಮನುಷ್ಯನೊಬ್ಬನು ಕುಳಿತು ಎಲ್ಲ ಹೆಸರುಗಳನ್ನೂ ಬರೆದು ನೋಡುವುದು ಬೇಸರದ ಕೆಲಸ. ಆದುದರಿಂದ ಬ್ರೌಸರನ್ನು ತಾನೇ ನಡೆಸಬಲ್ಲ ಕ್ರಮವಿಧಿಗೆ ಇದನ್ನು ಒಪ್ಪಿಸುತ್ತಾರೆ. 2004ರಲ್ಲಿ ಷಿಕಾಗೋ ನಗರದಲ್ಲಿ ಜೇಸನ್ ಹಗ್ಗಿನ್ಸ್ ಎಂಬವರು ಆರಂಭಿಸಿದ ಸೆಲೆನಿಯಂ ಇಂತಹ ಸಾಧನಗಳಲ್ಲಿ ಪ್ರಸಿದ್ಧವಾದುದು. ಅದು ಮನುಷ್ಯನಂತೆಯೇ ಹೆಸರನ್ನು ಬರೆಯುತ್ತದೆ, ಗುಂಡಿಯನ್ನು ಒತ್ತುತ್ತದೆ, ಬಂದ ಉತ್ತರವನ್ನು ಸರಿಯುತ್ತರದೊಡನೆ ಹೋಲಿಸುತ್ತದೆ.

ಪರೀಕ್ಷೆಯು ನಡೆಯಿತು. ನವಲಗುಂದ, ಕಲಘಟಗಿ ತೇರ್ಗಡೆಯಾದವು. ಕುಂದಗೋಳ, ಅಣ್ಣಿಗೇರಿ ನಪಾಸಾದವು. ‘ದಾಖಲೆ ಸಿಕ್ಕಲಿಲ್ಲ’ ಎಂಬುದು ಪುಟದ ಉತ್ತರ.

ದೋಷವೆಲ್ಲಿದೆ? ಅನುಭವಸ್ಥರು ಮೊದಲು ಶಂಕಿಸುವುದು ವೇಳೆಯನ್ನು. ಪಟ್ಟಿಯು ದೂರದ ಯಂತ್ರದಿಂದ ಬರಬೇಕು. ಅದು ಬರುವ ಮೊದಲೇ ಕ್ರಮವಿಧಿಯು ಇಣುಕಿದರೆ ಪಟ್ಟಿ ಕಾಣದು. ‘ಐದು ಸೆಕೆಂಡು ಸುಮ್ಮನಿರು’ ಎಂದು ಸೇರಿಸಿ ಕೈ ತೊಳೆದುಕೊಳ್ಳುವವರುಂಟು. ಇದು ಒಳ್ಳೆಯ ಮದ್ದಲ್ಲ: ಜಾಲವು ನಿಧಾನವಾದ ದಿನ ಐದು ಸಾಲದು, ಚುರುಕಾದ ದಿನ ಐದೂ ವ್ಯರ್ಥ. ಪಟ್ಟಿಯು ಕಾಣಿಸುವವರೆಗೆ ಕಾಯಲು ಹೇಳುವುದೇ ಸರಿಯಾದ ಕ್ರಮ. ಆದರೆ ವೇಳೆಯ ದೋಷವು ಚಂಚಲವಾದುದು; ಒಮ್ಮೆ ಈ ಊರು ಕೆಟ್ಟರೆ ಇನ್ನೊಮ್ಮೆ ಆ ಊರು. ಇಲ್ಲಿಯಾದರೋ ಹತ್ತು ಸಲ ನಡೆಸಿದರೂ ಕೆಡುವುದು ಅವೇ ಎರಡು. ವೇಳೆಯು ನಿರಪರಾಧಿ.

ತೆರೆಯ ಚಿತ್ರವನ್ನು ತೆಗೆದು ನೋಡಿದರೆ ಒಗಟು ಇನ್ನೂ ಬಿಗಿಯಾಗುತ್ತದೆ. ಪರೀಕ್ಷೆಯು ಬರೆದುದೂ ಕುಂದಗೋಳ, ದಾಖಲೆಯಲ್ಲಿರುವುದೂ ಕುಂದಗೋಳ! ಆಗ ಅಕ್ಷರಗಳನ್ನು ಬಿಟ್ಟು ಅವುಗಳ ಸಂಖ್ಯೆಗಳನ್ನು ನೋಡಬೇಕು. ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಲಿಪಿಚಿಹ್ನೆಗೂ ಒಂದು ಸಂಖ್ಯೆಯುಂಟು. ಕನ್ನಡಕ್ಕೆ ಮೀಸಲಾದವು 3200ರಿಂದ 3327ರವರೆಗೆ. ‘ಗೋ’ದಲ್ಲಿರುವ ಓತ್ವಕ್ಕೆ 3275 ಎಂಬ ಒಂದೇ ಸಂಖ್ಯೆ ಸಾಕು. ಆದರೆ ಎತ್ವದ 3270, ಊತ್ವದ 3266, ದೀರ್ಘಚಿಹ್ನೆಯ 3285, ಈ ಮೂರನ್ನು ಸಾಲಾಗಿ ಇಟ್ಟರೂ ತೆರೆಯ ಮೇಲೆ ಮೂಡುವುದು ಅದೇ ‘ಗೋ’. ಹೀಗಾಗಿ ಕುಂದಗೋಳವು ಒಂದು ರೀತಿಯಲ್ಲಿ ಏಳು ಸಂಖ್ಯೆಗಳ ಹೆಸರು, ಇನ್ನೊಂದು ರೀತಿಯಲ್ಲಿ ಒಂಬತ್ತರದು. ಅಣ್ಣಿಗೇರಿಯ ‘ಗೇ’ಗೂ ಇದೇ ಪಾಡು. ನವಲಗುಂದ, ಕಲಘಟಗಿಗಳಲ್ಲಿ ಹೀಗೆ ಒಡೆಯಬಲ್ಲ ಸ್ವರಚಿಹ್ನೆಯೇ ಇಲ್ಲ.

ಯೂನಿಕೋಡಿಗೆ ಮೊದಲಿನ ಕನ್ನಡ ಅಕ್ಷರವಿನ್ಯಾಸಗಳಲ್ಲಿ ದೀರ್ಘಚಿಹ್ನೆಯು ಬಿಡಿಯಾಗಿಯೇ ಇರುತ್ತಿತ್ತು. (ಅಚ್ಚಿನ ಮೊಳೆ ಜೋಡಿಸಿದವರಿಗೆ ಇದು ಹೊಸದಲ್ಲ.) ಹಳೆಯ ದಾಖಲೆಯನ್ನು ಅಜಾಗರೂಕತೆಯಿಂದ ಪರಿವರ್ತಿಸಿದರೆ ಆ ತುಂಡುಗಳು ಹಾಗೆಯೇ ಉಳಿದುಬಿಡುತ್ತವೆ.

ಪರೀಕ್ಷೆಯಲ್ಲಿರುವ ಹೆಸರನ್ನೇ ಒಂಬತ್ತು ಸಂಖ್ಯೆಗಳ ರೂಪಕ್ಕೆ ಬದಲಿಸಿದರೆ ಅದು ಕೂಡಲೇ ತೇರ್ಗಡೆಯಾಗುವುದು. ಇದಕ್ಕಿಂತ ಕೆಟ್ಟ ದುರಸ್ತಿಯನ್ನು ನಾನು ಊಹಿಸಲಾರೆ. ಕುಂದಗೋಳದ ರೈತನು ತನ್ನ ಕೀಲಿಮಣೆಯಿಂದ ಬರೆಯುವುದು ಏಳರ ಹೆಸರನ್ನು. ಅವನಿಗೆ ತನ್ನ ಊರು ಸಿಕ್ಕುವುದೇ ಇಲ್ಲ. ಇಲ್ಲಿ ಪರೀಕ್ಷೆಯು ನಿಜವನ್ನೇ ನುಡಿದಿದೆ, ತಿದ್ದಬೇಕಾದುದು ಪುಟವನ್ನು. ಹೋಲಿಸುವ ಮುನ್ನ ಎರಡೂ ಹೆಸರುಗಳನ್ನು ಒಂದೇ ರೂಪಕ್ಕೆ ತರುವ ನಿಯಮಗಳನ್ನು ಯೂನಿಕೋಡ್ ಒದಗಿಸಿದೆ. ಅವುಗಳ ಪ್ರಕಾರ ಆ ಮೂರು ತುಂಡುಗಳು ಕೂಡಿ 3275 ಆಗುತ್ತವೆ. ಆಮೇಲೆ ಎರಡು ಬಗೆಯ ಕುಂದಗೋಳವನ್ನೂ ಎರಡು ಬಗೆಯ ಅಣ್ಣಿಗೇರಿಯನ್ನೂ ಕೊಟ್ಟು ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕು.